ಬೆಳ್ಳಿತೆರೆಯ ಮೇಲೆ ಹದಿನೆಂಟನೆಯ ಶತಮಾನದ ಉಡುಗೆ

ಕಳೆದ ಕಾಲದ ಸಂಗತಿಗಳನ್ನು ನಾವು ಗ್ರಂಥಗಳಿಂದ ತಿಳಿಯುತ್ತೇವೆ. ಆದರೆ ಆ ಕಾಲ ಕಣ್ಣಿಗೆ ಹೇಗೆ ಕಾಣುತ್ತಿತ್ತೆಂದು ಕಲ್ಪಿಸಿಕೊಳ್ಳುವಾಗ ನಮ್ಮ ನೆರವಿಗೆ ಬರುವುವು ಬಹುಮಟ್ಟಿಗೆ ನಾವು ನೋಡಿದ ಚಲನಚಿತ್ರಗಳು. ಫ್ರಾನ್ಸಿನ ಮಹಾಕ್ರಾಂತಿಯೆಂದೊಡನೆ ಕಾಲೇಜಿನಲ್ಲಿ ಓದಿದ ತೆರಿಗೆಯ ವಿವರಗಳಾಗಲಿ, ರೊಟ್ಟಿಯ ಬೆಲೆಯಾಗಲಿ ಯಾರಿಗೂ ತಟ್ಟನೆ ನೆನಪಾಗುವುದಿಲ್ಲ. ಬಿಳಿಯ ಪುಡಿ ಹಚ್ಚಿದ ಗೋಪುರದಂಥ ಕೇಶಾಲಂಕಾರ, ಬಾಗಿಲಲ್ಲಿ ಹಿಡಿಸದಷ್ಟು ಅಗಲವಾದ ರೇಷ್ಮೆಯ ಲಂಗ, ಬೀಸಣಿಗೆಯ ಮರೆಯ ನಗು, ಇವು ನೆನಪಾಗುತ್ತವೆ. ಹೀಗೆ ಉಡುಗೆಯೇ ಇತಿಹಾಸದ ಮುಖವಾಗಿ ನಮ್ಮೊಳಗೆ ಉಳಿಯುತ್ತದೆ. ಆದ್ದರಿಂದ ತೆರೆಯ ಮೇಲೆ ಕಾಣುವ ಈ ಉಡುಗೆಯನ್ನು ಎಷ್ಟರಮಟ್ಟಿಗೆ ನಂಬಬಹುದು, ಯಾವ ಅರ್ಥದಲ್ಲಿ ನಂಬಬಹುದು ಎಂಬ ಪ್ರಶ್ನೆ ಕೇವಲ ದರ್ಜಿಗಳಿಗೆ ಸಂಬಂಧಿಸಿದ ಪ್ರಶ್ನೆಯೆಂದು ನನಗೆ ತೋರುವುದಿಲ್ಲ.

ನಾನು ಕನ್ನಡ ಸಾಹಿತ್ಯವನ್ನು ಓದಿ, ಅದನ್ನೇ ಬಹುಕಾಲ ಪಾಠ ಹೇಳಿದವನು. ಗ್ರಂಥಸಂಪಾದನೆಯ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಒಂದು ಮಾತು ಇಲ್ಲಿ ಪ್ರಸ್ತುತವಾಗುತ್ತದೆ. ಹಳೆಯ ಓಲೆಗರಿಯನ್ನು ಪ್ರತಿಮಾಡುವ ಲಿಪಿಕಾರ ಎಷ್ಟೇ ನಿಷ್ಠಾವಂತನಾಗಿದ್ದರೂ ತನ್ನ ಕಾಲದ ರೂಢಿಯನ್ನು ಪ್ರತಿಯೊಳಕ್ಕೆ ತರದೆ ಇರಲಾರ. ಮೂಲದಲ್ಲಿ 'ಪಾಲ್' ಎಂದಿದ್ದುದು ಅವನ ಕೈಯಲ್ಲಿ 'ಹಾಲು' ಆಗುತ್ತದೆ. 'ಪೂ' ಎಂದಿದ್ದುದು 'ಹೂ' ಆಗುತ್ತದೆ. ಸಂಪಾದಕನಾದವನು ಇದನ್ನು ಕಂಡು ಸಿಡುಕಬೇಕಾಗಿಲ್ಲ. ಕಾವ್ಯದ ಕಾಲವನ್ನೂ ಲಿಪಿಕಾರನ ಕಾಲವನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲವನಿಗೆ ಒಂದೇ ಪ್ರತಿಯಿಂದ ಎರಡು ಇತಿಹಾಸಗಳು ದೊರೆಯುತ್ತವೆ. ಐತಿಹಾಸಿಕ ಚಲನಚಿತ್ರಗಳ ವಸ್ತ್ರವಿನ್ಯಾಸಕನೂ ಇಂಥ ಒಬ್ಬ ಲಿಪಿಕಾರ. ಅವನ ಪ್ರತಿಯನ್ನು ಓದುವುದು ಹೇಗೆಂಬುದನ್ನು ಯೂರೋಪಿನ ಹದಿನೆಂಟನೆಯ ಶತಮಾನವನ್ನು ಕುರಿತ ಕೆಲವು ಪ್ರಸಿದ್ಧ ಚಿತ್ರಗಳ ನೆರವಿನಿಂದ ನೋಡಬಹುದು.

ಮೊದಲು ಮೂಲಪಾಠವನ್ನು ತಿಳಿಯಬೇಕು. ಆ ಕಾಲದ ಫ್ರಾನ್ಸ್ ಅಥವಾ ಇಂಗ್ಲೆಂಡಿನ ಸಿರಿವಂತ ಮನೆಯ ಹೆಂಗಸು ಮೈಗೆ ತಾಗುವಂತೆ ತೊಡುತ್ತಿದ್ದುದು ಅಗಸೆನಾರಿನ ಬಿಳಿಯ ಒಳಂಗಿ. ಒಗೆಯಲು ಬರುತ್ತಿದ್ದುದು ಅದೊಂದೇ. ಮೇಲಿನ ರೇಷ್ಮೆಯನ್ನು ಬೆವರಿನಿಂದ ಕಾಪಾಡುವುದು ಅದರ ಕೆಲಸ. ಅದರ ಮೇಲೆ, ತಿಮಿಂಗಿಲದ ಬಾಯೊಳಗಿನ ಬಾಗುವ ಪಟ್ಟಿಗಳನ್ನು ಸಾಲಾಗಿ ಸೇರಿಸಿ ಹೊಲಿದ ಗಡುಸಾದ ಕುಪ್ಪಸ. ಸೊಂಟಕ್ಕೆ ಲಾಡಿಯಿಂದ ಕಟ್ಟಿಕೊಂಡ ಜೋಡಿ ಚೀಲಗಳು. ನಮ್ಮ ಅಜ್ಜಿಯಂದಿರ ಸೊಂಟದಲ್ಲಿ ಎಲೆಯಡಿಕೆಯ ಸಂಚಿ ಇದ್ದ ಹಾಗೆ. ಎರಡು ಪಕ್ಕಗಳಲ್ಲಿಯೂ ಲಂಗವನ್ನು ಹೊರಕ್ಕೆ ಚಾಚಿ ಹಿಡಿಯುವ ಚೌಕಟ್ಟು, ಅದರ ಮೇಲೆ ಲಂಗ, ಎಲ್ಲಕ್ಕಿಂತ ಮೇಲೆ ಮುಂಭಾಗ ತೆರೆದಿರುವ ನಿಲುವಂಗಿ. ತೆರೆದ ಎದೆಯ ಭಾಗವನ್ನು ಮುಚ್ಚಲು ತ್ರಿಕೋನಾಕಾರದ ಕಸೂತಿಯ ಪಟ್ಟಿಯೊಂದನ್ನು ಇಟ್ಟು, ಅದನ್ನು ಗುಂಡುಸೂಜಿಗಳಿಂದ ಚುಚ್ಚಿ ನಿಲ್ಲಿಸುತ್ತಿದ್ದರು. ಫ್ರೆಂಚ್ ಮಾದರಿಯ ನಿಲುವಂಗಿಯಲ್ಲಿ ಹೆಗಲಿನಿಂದ ಹೊರಟ ಅಗಲವಾದ ನೆರಿಗೆಗಳು ಬೆನ್ನಿನ ಮೇಲೆ ಇಳಿದು ನೆಲವನ್ನು ಮುಟ್ಟುತ್ತಿದ್ದುವು. ಇಷ್ಟನ್ನು ತೊಟ್ಟುಕೊಳ್ಳಲು ಒಬ್ಬಳ ಎರಡು ಕೈಗಳು ಸಾಲುತ್ತಿರಲಿಲ್ಲ. ಸೇವಕಿ ಇದ್ದಾಳೆ ಎಂಬ ಸಂಗತಿಯನ್ನು ಉಡುಗೆಯೇ ಸಾರುತ್ತಿತ್ತು.

ಗಂಡಸರ ವಿಷಯ ಇಂದಿನವರಿಗೆ ಇನ್ನೂ ಸೋಜಿಗವಾಗಿ ಕಂಡೀತು. ಮೇಲಂಗಿ, ಒಳಗೊಂದು ತೋಳಿಲ್ಲದ ಅಂಗಿ, ಮೊಣಕಾಲಿಗೆ ಮುಗಿಯುವ ಚಲ್ಲಣ, ಅದರ ಕೆಳಗೆ ರೇಷ್ಮೆಯ ಕಾಲುಚೀಲ, ಇದು ಅವರ ವೇಷ. ಆಸ್ಥಾನಕ್ಕೆ ಹೋಗುವ ಗಂಡಸಿನ ಅಂಗಿಯ ಅಂಚಿನಲ್ಲಿ ಹೆಂಗಸಿನ ಬಟ್ಟೆಗಿಂತ ಕಡಮೆಯಿಲ್ಲದಷ್ಟು ಹೂಬಳ್ಳಿಯ ಕಸೂತಿ ಇರುತ್ತಿತ್ತು. ಗುಲಾಬಿ, ತಿಳಿಹಸುರು, ಆಕಾಶನೀಲಿಯ ಬಣ್ಣಗಳನ್ನು ಉಡಲು ಗಂಡಸು ನಾಚುತ್ತಿರಲಿಲ್ಲ. ತಲೆಯ ಮೇಲೆ ಕೃತಕ ಕೇಶ, ಅದರ ಮೇಲೆ ಪಿಷ್ಟದ ಪುಡಿ. ಹೆಂಗಸರಾದರೆ ತಮ್ಮ ಕೂದಲಿಗೇ ಕೊಬ್ಬಿನ ಲೇಪ ಹಚ್ಚಿ, ಒಳಗೆ ಮೆತ್ತೆ ಇಟ್ಟು, ಚವರಿ ಸೇರಿಸಿ ಎತ್ತರಕ್ಕೆ ಕಟ್ಟಿಸಿಕೊಳ್ಳುತ್ತಿದ್ದರು. 1778ರ ಜೂನಿನಲ್ಲಿ 'ಬೆಲ್ ಪೂಲ್' ಎಂಬ ಫ್ರೆಂಚ್ ಹಡಗು ಇಂಗ್ಲಿಷರ ಹಡಗಿನೊಡನೆ ಕಾದಿ ಬಂದಾಗ, ಅದರ ನೆನಪಿಗಾಗಿ ಹಾಯಿ, ಕೂವೆಕಂಬ ಸಹಿತವಾದ ಹಡಗಿನ ಮಾದರಿಯನ್ನೇ ತಲೆಯ ಮೇಲೆ ಹೊತ್ತ ಕೇಶಾಲಂಕಾರವೊಂದು ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದಿತು. ಇಂಗ್ಲೆಂಡಿನಲ್ಲಿ 1795ರಲ್ಲಿ ಪ್ರಧಾನಿ ಪಿಟ್ ಕೂದಲ ಪುಡಿಯ ಮೇಲೆ ವರ್ಷಕ್ಕೆ ಒಂದು ಗಿನಿಯ ತೆರಿಗೆ ಹಾಕಿದ. ಪುಡಿಯ ಮೋಹ ಬಹುಬೇಗ ಇಳಿಯಿತು.

ಈ ನೂರು ವರ್ಷಗಳನ್ನು ಒಂದೇ ಮುದ್ದೆಯಾಗಿ ಭಾವಿಸುವುದು ಸಲ್ಲದು. 1720ರ ಉಡುಗೆ 1750ರಲ್ಲಿ ಹಳತು. 1750ರದು 1780ರಲ್ಲಿ ಅಜ್ಜಿಯ ಪೆಟ್ಟಿಗೆಯ ಸಾಮಾನು. ಎತ್ತರದ ಕೇಶಾಲಂಕಾರ ಮುಖ್ಯವಾಗಿ 1770ರ ದಶಕಕ್ಕೆ ಸೇರಿದ್ದು. ಚಲನಚಿತ್ರಗಳು ಅದನ್ನು ಇಡೀ ಶತಮಾನದ ತಲೆಯ ಮೇಲೆ ಕೂರಿಸಿಬಿಟ್ಟಿವೆ.

ಇನ್ನು ಪ್ರತಿಗಳ ಕಡೆಗೆ ಬರೋಣ. 1938ರಲ್ಲಿ ಹಾಲಿವುಡ್ಡಿನ ಮೆಟ್ರೊ ಗೋಲ್ಡ್‌ವಿನ್ ಮೇಯರ್ ಸಂಸ್ಥೆ 'ಮೇರಿ ಆಂಟೊನೆಟ್' ಎಂಬ ಚಿತ್ರವನ್ನು ತಯಾರಿಸಿತು. ರಾಣಿಯ ಪಾತ್ರದಲ್ಲಿ ನಾರ್ಮಾ ಶಿಯರರ್. ಉಡುಗೆಗಳ ಹೊಣೆ ಏಡ್ರಿಯನ್ ಎಂಬ ಹೆಸರಾಂತ ವಿನ್ಯಾಸಕನದು. ಹಣಕ್ಕೆ ಲೆಕ್ಕವಿರಲಿಲ್ಲ, ಶ್ರಮಕ್ಕೂ ಇರಲಿಲ್ಲ. ಆದರೂ ಇಂದು ಆ ಚಿತ್ರವನ್ನು ನೋಡಿದವರು ಮೊದಲ ನೋಟಕ್ಕೇ ಇದು 1938ರ ಚಿತ್ರವೆಂದು ಹೇಳಿಬಿಡಬಲ್ಲರು. ಲಂಗದ ಅಗಲ ಹದಿನೆಂಟನೆಯ ಶತಮಾನದ್ದು. ಸಣ್ಣಗೆ ತಿದ್ದಿದ ಹುಬ್ಬು, ಗಾಢವಾದ ತುಟಿ, ಮಿರುಗುವ ಬಟ್ಟೆಯ ಮೋಹ ಇವೆಲ್ಲ ಇಪ್ಪತ್ತನೆಯ ಶತಮಾನದ ಮೂವತ್ತರ ದಶಕದವು. ಚಿತ್ರ ಕಪ್ಪು ಬಿಳುಪಿನದಾದ್ದರಿಂದ ಬಣ್ಣ ಮಾಡಬೇಕಾಗಿದ್ದ ಕೆಲಸವನ್ನು ಹೊಳಪಿನಿಂದ ಮಾಡಿಸಬೇಕಾಗಿತ್ತು. ಮೇಲಾಗಿ ಪ್ರೇಕ್ಷಕರು ಹಣ ತೆತ್ತು ಬಂದದ್ದು ತಾರೆಯ ಮುಖವನ್ನು ನೋಡಲು. ಬಟ್ಟೆಯನ್ನು ಎಷ್ಟು ಬೇಕಾದರೂ ಹಳತು ಮಾಡಬಹುದು, ತಾರೆಯ ಮುಖವನ್ನು ಮಾತ್ರ ಹಳತು ಮಾಡುವಂತಿಲ್ಲ. ಲಿಪಿಕಾರನ ಕೈ ಅತ್ಯಂತ ಸ್ಪಷ್ಟವಾಗಿ ಕಾಣುವ ಜಾಗ ಇದೇ: ಮುಖ ಮತ್ತು ಕೂದಲು. ಯಾವ ದಶಕದ ಐತಿಹಾಸಿಕ ಚಿತ್ರವನ್ನಾದರೂ ಈ ದೃಷ್ಟಿಯಿಂದ ಪರೀಕ್ಷಿಸಿ ನೋಡಬಹುದು.

ಇನ್ನೊಂದು ಬಗೆಯ ಪ್ರಕ್ಷೇಪವೂ ಉಂಟು. ಕಥಾನಾಯಕಿ ಕಂಬವನ್ನು ಹಿಡಿದು ಉಸಿರು ಬಿಗಿಹಿಡಿದು ನಿಂತಿರುವುದು, ಹಿಂದಿನಿಂದ ಸೇವಕಿ ಕುಪ್ಪಸದ ದಾರವನ್ನು ಜಗ್ಗಿ ಜಗ್ಗಿ ಕಟ್ಟುವುದು, ಈ ದೃಶ್ಯವನ್ನು ನಾವು ಹಲವು ಚಿತ್ರಗಳಲ್ಲಿ ನೋಡಿದ್ದೇವೆ. ಇದಕ್ಕೆ ಪ್ರಸಿದ್ಧಿ ತಂದುಕೊಟ್ಟದ್ದು 1939ರ 'ಗಾನ್ ವಿತ್ ದ ವಿಂಡ್'. ಅದರ ಕಥೆ 1860ರ ದಶಕದ ಅಮೆರಿಕದ್ದು. ದಾರ ಹಾಯುವ ತೂತುಗಳಿಗೆ ಲೋಹದ ಬಳೆ ಕೂರಿಸುವುದು ಹತ್ತೊಂಬತ್ತನೆಯ ಶತಮಾನದ ಉಪಾಯ. ಅದು ಬರುವುದಕ್ಕೆ ಮುಂಚೆ ತೂತುಗಳನ್ನು ಬರಿಯ ದಾರದಿಂದ ಹೊಲಿದು ಭದ್ರಪಡಿಸುತ್ತಿದ್ದರು. ಅಷ್ಟು ಜೋರಾಗಿ ಎಳೆದರೆ ಬಟ್ಟೆಯೇ ಹರಿಯುತ್ತಿತ್ತು. ಹದಿನೆಂಟನೆಯ ಶತಮಾನದ ಕುಪ್ಪಸ ಮೈಗೆ ಶಂಕುವಿನ ಆಕಾರ ಕೊಡುತ್ತಿತ್ತು, ಬೆನ್ನನ್ನು ನೆಟ್ಟಗೆ ನಿಲ್ಲಿಸುತ್ತಿತ್ತು. ಸೊಂಟವನ್ನು ಹಿಂಡಿ ಸಣ್ಣದು ಮಾಡುವುದು ಅದರ ಮುಖ್ಯ ಉದ್ದೇಶವಾಗಿರಲಿಲ್ಲ. ದುಡಿಯುವ ಹೆಂಗಸರೂ ಅದನ್ನು ತೊಟ್ಟೇ ದುಡಿಯುತ್ತಿದ್ದರು. ಚಿತ್ರಗಳಲ್ಲಿ ಒಳಂಗಿಯೇ ಇಲ್ಲದೆ ಬರಿಮೈಗೆ ಕುಪ್ಪಸ ಬಿಗಿದು ತೋರಿಸುವುದೂ ಉಂಟು. ಆ ಕಾಲದವಳು ಅದನ್ನು ಕಂಡರೆ ಬೆರಗಾಗುತ್ತಿದ್ದಳು. ಬಂಧನದಲ್ಲಿರುವ ಹೆಣ್ಣು ಎಂಬ ನಮ್ಮ ಕಾಲದ ಕಲ್ಪನೆಗೆ ಕುಪ್ಪಸದ ದಾರ ಕಣ್ಣಿಗೆ ಕಟ್ಟುವ ಸಂಕೇತವಾಗಿ ಒದಗಿತು. ಅವಳ ನಿಜವಾದ ಬಂಧನಗಳು ಆಸ್ತಿಯ ಕಾನೂನಿನಲ್ಲಿ, ವಿವಾಹದ ಒಪ್ಪಂದದಲ್ಲಿ ಇದ್ದುವು. ಅವನ್ನು ತೆರೆಯ ಮೇಲೆ ತೋರಿಸುವುದು ದಾರ ಎಳೆಯುವಷ್ಟು ಸುಲಭವಲ್ಲ.

ಮೂಲಪಾಠಕ್ಕೆ ಅತ್ಯಂತ ನಿಷ್ಠವಾಗಿರಬೇಕೆಂದು ಹೊರಟ ಚಿತ್ರವೆಂದರೆ 1975ರಲ್ಲಿ ಬಂದ ಸ್ಟ್ಯಾನ್ಲಿ ಕೂಬ್ರಿಕ್ಕನ 'ಬ್ಯಾರಿ ಲಿಂಡನ್'. ಥ್ಯಾಕರೆ 1844ರಲ್ಲಿ ಬರೆದ ಕಾದಂಬರಿ ಅದಕ್ಕೆ ಆಧಾರ. ಉಡುಗೆಗಳನ್ನು ರೂಪಿಸಿದ ಮಿಲೇನಾ ಕನೊನೇರೊ ಮತ್ತು ಉಲ್ಲಾ-ಬ್ರಿಟ್ ಸೊಡರ್ಲುಂಡ್ ಇಬ್ಬರಿಗೂ ಆ ಸಾಲಿನ ಆಸ್ಕರ್ ಪ್ರಶಸ್ತಿ ಸಂದಿತು. ಅವರು ಗೇನ್ಸ್‌ಬರೊ, ರೆನಾಲ್ಡ್ಸ್, ಹೊಗಾರ್ತ್ ಮೊದಲಾದವರ ವರ್ಣಚಿತ್ರಗಳನ್ನು ಮುಂದಿಟ್ಟುಕೊಂಡರು. ಅಷ್ಟಕ್ಕೇ ನಿಲ್ಲದೆ ಆ ಕಾಲದಿಂದ ಉಳಿದುಬಂದ ನಿಜವಾದ ಬಟ್ಟೆಗಳನ್ನು ಹುಡುಕಿ, ಅವನ್ನು ಹೇಗೆ ಕತ್ತರಿಸಿದ್ದಾರೆ, ಹೇಗೆ ಹೊಲಿದಿದ್ದಾರೆ ಎಂಬುದನ್ನು ಅಭ್ಯಾಸ ಮಾಡಿದರು. ಇದರಲ್ಲಿ ಮರ್ಮವಿದೆ. ವರ್ಣಚಿತ್ರ ನಮಗೆ ಬಟ್ಟೆಯ ಮುಂಭಾಗವನ್ನು ಮಾತ್ರ ತೋರಿಸುತ್ತದೆ, ಅದೂ ಚಿತ್ರಗಾರ ಬಯಸಿದ ರೀತಿಯಲ್ಲಿ; ಹೊಲಿಗೆ ಎಲ್ಲಿದೆಯೆಂಬುದನ್ನು ಬಟ್ಟೆಯೇ ಹೇಳಬೇಕು. ಇಂಗ್ಲೆಂಡಿನ ಜಾನೆಟ್ ಆರ್ನಾಲ್ಡ್ ಎಂಬ ವಿದುಷಿ ವಸ್ತುಸಂಗ್ರಹಾಲಯಗಳ ಹಳೆಯ ಉಡುಪುಗಳನ್ನು ಅಳತೆಮಾಡಿ, ಅವುಗಳ ಕತ್ತರಿಕೆಯ ನಕ್ಷೆಗಳನ್ನು 1964ರಿಂದ ಗ್ರಂಥರೂಪದಲ್ಲಿ ಪ್ರಕಟಿಸತೊಡಗಿದ್ದಳು. ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಸಂಪಾದಕನ ತಾಳ್ಮೆಯೇ ಅದು.

ಇಷ್ಟು ನಿಷ್ಠೆಯಿಂದ ಕೂಬ್ರಿಕ್ಕನಿಗೆ ಸಿಕ್ಕಿದ ಲಾಭವೇನು? ಉತ್ತರ ಆ ಚಿತ್ರದ ರಾತ್ರಿಯ ದೃಶ್ಯಗಳಲ್ಲಿದೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆಗೆಂದು ಝೈಸ್ ಕಂಪನಿ ತಯಾರಿಸಿದ್ದ ಅತಿ ವಿಶಾಲವಾದ ಮಸೂರವನ್ನು ಕ್ಯಾಮರಾಕ್ಕೆ ಅಳವಡಿಸಿ, ಅವನು ಜೂಜುಕೋಣೆಯ ದೃಶ್ಯಗಳನ್ನು ಮೇಣದ ಬತ್ತಿಯ ಬೆಳಕಿನಲ್ಲೇ ಚಿತ್ರಿಸಿದ. ಆ ಬೆಳಕಿನಲ್ಲಿ ನೋಡಿದಾಗ, ಹಗಲು ಹೊತ್ತು ಅತಿಯೆನಿಸುವ ಜರಿ, ಕಸೂತಿ, ಮುಖದ ಬಿಳಿಯ ಲೇಪ ಇವುಗಳ ಅರ್ಥ ಒಮ್ಮೆಗೇ ತೆರೆದುಕೊಳ್ಳುತ್ತದೆ. ಅವು ಹುಟ್ಟಿದ್ದೇ ಅಲುಗಾಡುವ ದೀಪದ ಬೆಳಕಿಗಾಗಿ. ಮಂದವಾದ ಕೋಣೆಯಲ್ಲಿ ಜರಿಯ ಎಳೆ ಬೆಳಕನ್ನು ಹಿಡಿದು ಹಿಂದಕ್ಕೆ ಕೊಡುತ್ತಿತ್ತು. ಬಿಳಿಯ ಮುಖ ದೂರಕ್ಕೆ ಕಾಣುತ್ತಿತ್ತು. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ತಿಳಿಸಲಾರದ ಈ ಸತ್ಯವನ್ನು ಒಂದು ಚಲನಚಿತ್ರ ತಿಳಿಸಿತು. ನಿಷ್ಠೆಯಿಂದ ಪ್ರತಿಮಾಡಿದ ಲಿಪಿಕಾರನಿಗೆ ಮೂಲ ತಾನಾಗಿಯೇ ಅರ್ಥವನ್ನು ಬಿಟ್ಟುಕೊಡುವುದು ಹೀಗೆ.

ಪ್ರತಿಮಾಡುವುದು ಒಂದು ಬಗೆಯಾದರೆ ವ್ಯಾಖ್ಯಾನ ಬರೆಯುವುದು ಇನ್ನೊಂದು ಬಗೆ. ಲಾಕ್ಲೊ ಎಂಬ ಫ್ರೆಂಚ್ ಸೇನಾಧಿಕಾರಿ 1782ರಲ್ಲಿ ಪತ್ರಗಳ ರೂಪದಲ್ಲಿ ಒಂದು ಕಾದಂಬರಿಯನ್ನು ಪ್ರಕಟಿಸಿದ. ಇಬ್ಬರು ಸಿರಿವಂತರು ಪ್ರೇಮವನ್ನೇ ಯುದ್ಧವಾಗಿ ಮಾಡಿಕೊಂಡು ಅಮಾಯಕರನ್ನು ಹಾಳುಮಾಡುವ ಕಥೆ ಅದು. ಅದನ್ನು ಆಧರಿಸಿ 1988ರಲ್ಲಿ ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ 'ಡೇಂಜರಸ್ ಲಿಯೇಸನ್ಸ್' ಚಿತ್ರ ಬಂದಿತು; ಉಡುಗೆಗಳಿಗಾಗಿ ಜೇಮ್ಸ್ ಏಚಿಸನ್ನನಿಗೆ ಆಸ್ಕರ್ ದೊರೆಯಿತು. ಮಾತಿಲ್ಲದ ಅದರ ಮೊದಲ ಕೆಲವು ನಿಮಿಷಗಳು ಉಡುಗೆಯ ವಿಷಯದಲ್ಲಿ ಒಂದು ಸ್ವತಂತ್ರ ಪ್ರಬಂಧದಂತಿವೆ. ಒಂದು ಮನೆಯಲ್ಲಿ ನಾಯಕಿಗೆ ಬಟ್ಟೆ ತೊಡಿಸುತ್ತಿದ್ದಾರೆ. ಇನ್ನೊಂದು ಮನೆಯಲ್ಲಿ ನಾಯಕನಿಗೆ ಸೇವಕರು ಕ್ಷೌರ ಮಾಡಿ, ಕೃತಕ ಕೇಶ ಇಟ್ಟು, ಮುಖಕ್ಕೆ ಮರೆ ಹಿಡಿಸಿ ಪುಡಿ ಎರಚುತ್ತಿದ್ದಾರೆ. ಯೋಧರು ರಣರಂಗಕ್ಕೆ ಹೋಗುವ ಮುಂಚೆ ಕವಚ ತೊಡುವ ವರ್ಣನೆ ನಮ್ಮ ಕಾವ್ಯಗಳಲ್ಲಿ ಬರುವಂತೆಯೇ ಇದು. ಚಿತ್ರದ ಕೊನೆಯಲ್ಲಿ, ನಾಟಕಶಾಲೆಯಲ್ಲಿ ಎಲ್ಲರಿಂದ ಧಿಕ್ಕಾರಕ್ಕೊಳಗಾಗಿ ಬಂದ ನಾಯಕಿ ಕನ್ನಡಿಯ ಮುಂದೆ ಒಬ್ಬಳೇ ಕುಳಿತು ಮುಖದ ಬಣ್ಣವನ್ನು ಒರೆಸಿಕೊಳ್ಳುತ್ತಾಳೆ. ಕವಚ ಕಳಚಿದ ಸೋತ ಯೋಧಳು ಅವಳು. ಉಡುಗೆ ಆ ಸಮಾಜದಲ್ಲಿ ಏನು ಮಾಡುತ್ತಿತ್ತು ಎಂಬುದನ್ನು ಈ ಚಿತ್ರ ಬಲ್ಲದು. ಆಕಾರದ ಶುದ್ಧಿಗಿಂತ ಇದು ಒಂದು ಮೆಟ್ಟಿಲು ಮೇಲಿನ ಗುಣ.

ಈ ಮಾತನ್ನು ಒಪ್ಪಿದರೆ, ಬೇಕೆಂದೇ ಮೂಲವನ್ನು ಬಿಟ್ಟು ನಡೆದ ಚಿತ್ರಗಳನ್ನೂ ನ್ಯಾಯವಾಗಿ ನೋಡಲು ಸಾಧ್ಯವಾಗುತ್ತದೆ. 2006ರಲ್ಲಿ ಸೋಫಿಯಾ ಕೊಪ್ಪೊಲಾ ನಿರ್ದೇಶಿಸಿದ 'ಮೇರಿ ಆಂಟೊನೆಟ್' ಚಿತ್ರಕ್ಕೂ ಉಡುಗೆ ರೂಪಿಸಿದವಳು 'ಬ್ಯಾರಿ ಲಿಂಡನ್'ನ ಅದೇ ಕನೊನೇರೊ. ಪ್ಯಾರಿಸ್ಸಿನ ಮಿಠಾಯಿ ಅಂಗಡಿಯೊಂದರ ಬಣ್ಣಬಣ್ಣದ ತಿನಿಸುಗಳನ್ನು ನಿರ್ದೇಶಕಿ ಅವಳಿಗೆ ಮಾದರಿಯಾಗಿ ಕೊಟ್ಟಳಂತೆ. ರಾಣಿಯ ಪಾದರಕ್ಷೆಗಳ ರಾಶಿಯ ನಡುವೆ ಇಪ್ಪತ್ತನೆಯ ಶತಮಾನದ ಕ್ಯಾನ್ವಾಸ್ ಬೂಟಿನ ಜೋಡಿಯೊಂದು ಕ್ಷಣಕಾಲ ಕಾಣುತ್ತದೆ. ಅದು ಕಣ್ತಪ್ಪಿ ಉಳಿದದ್ದಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಪರದೇಶಕ್ಕೆ ಸೊಸೆಯಾಗಿ ಬಂದ ಹುಡುಗಿಯ ಪ್ರಾಯವನ್ನು ನೆನಪಿಸಲು ಇಟ್ಟದ್ದು. 2018ರ 'ದ ಫೇವರಿಟ್' ಚಿತ್ರದಲ್ಲಿ, 1702ರಿಂದ 1714ರವರೆಗೆ ಆಳಿದ ಇಂಗ್ಲೆಂಡಿನ ರಾಣಿ ಆ್ಯನ್ನಳ ಅಡುಗೆಮನೆಯ ಸೇವಕಿಯರಿಗೆ ವಿನ್ಯಾಸಕಿ ಸ್ಯಾಂಡಿ ಪವೆಲ್ ಹಳೆಯ ಡೆನಿಮ್ ಬಟ್ಟೆಯಿಂದ ಅಂಗಿ ಹೊಲಿಸಿದಳು. ಬಟ್ಟೆ ನಮ್ಮ ಕಾಲದ್ದು, ಆದರೆ ಕತ್ತರಿಕೆ ಆ ಕಾಲದ್ದು. ಡೆನಿಮ್ ದುಡಿಮೆಯ ಬಟ್ಟೆಯಾದ್ದರಿಂದ ಅರ್ಥವೂ ಕೆಡಲಿಲ್ಲ. ಹಳಗನ್ನಡದ ಪದ್ಯವನ್ನು ಹೊಸಗನ್ನಡದ ಗದ್ಯಕ್ಕೆ ತರುವವನ ಸ್ವಾತಂತ್ರ್ಯ ಇದು. ಮೂಲವನ್ನು ಬಲ್ಲವನು ಬಿಟ್ಟರೆ ಅದು ಅನುವಾದ. ಅರಿಯದವನು ಬಿಟ್ಟರೆ ಅದು ಅಪಪಾಠ.

ಇಲ್ಲಿಯವರೆಗೆ ಹೇಳಿದುದೆಲ್ಲ ಉಡುಗೆಯ ಆಕಾರವನ್ನೂ ಅರ್ಥವನ್ನೂ ಕುರಿತದ್ದು. ಇನ್ನೊಂದು ಪ್ರಶ್ನೆಯಿದೆ. ನಾನು ಹೆಸರಿಸಿದ ಚಿತ್ರಗಳಲ್ಲಿ ಒಳ್ಳೆಯವೂ ಅದನ್ನು ಕೇಳಿಲ್ಲ. ಈ ಬಟ್ಟೆ ಎಲ್ಲಿಂದ ಬಂತು?

ಕೊಪ್ಪೊಲಾಳ ಚಿತ್ರದಲ್ಲಿ ರಾಣಿ ಆಸ್ಥಾನದ ಕಟ್ಟುಪಾಡುಗಳಿಂದ ಬೇಸತ್ತು, ಉದ್ಯಾನದ ನಡುವಣ ತನ್ನ ಪುಟ್ಟ ಅರಮನೆಯಲ್ಲಿ ತೆಳ್ಳನೆಯ ಬಿಳಿಯ ಉಡುಪು ಧರಿಸಿ, ಮಗಳೊಡನೆ ಹುಲ್ಲಿನ ಮೇಲೆ ಆಡುತ್ತಾಳೆ. ಆ ಬಿಳಿಯ ಉಡುಪು ಕಲ್ಪನೆಯಲ್ಲ. ಅದರ ಹಿಂದೆ 1783ರ ಒಂದು ಘಟನೆಯಿದೆ. ಆ ವರ್ಷ ವಿಜೇ ಲ ಬ್ರನ್ ಎಂಬ ಪ್ರಸಿದ್ಧ ಚಿತ್ರಗಾರ್ತಿ ಮಸ್ಲಿನ್ ಉಡುಪು, ಹುಲ್ಲಿನ ಟೋಪಿ ಧರಿಸಿದ ರಾಣಿಯ ಭಾವಚಿತ್ರವನ್ನು ಪ್ಯಾರಿಸ್ಸಿನ ಕಲಾಪ್ರದರ್ಶನದಲ್ಲಿಟ್ಟಳು. ದೊಡ್ಡ ಕೋಲಾಹಲವಾಯಿತು. ರಾಣಿ ಒಳಂಗಿಯಲ್ಲಿ ಕುಳಿತು ಚಿತ್ರ ಬರೆಸಿಕೊಂಡಿದ್ದಾಳೆ ಎಂದರು ಕೆಲವರು. ಲಿಯಾನ್ ನಗರದ ರೇಷ್ಮೆ ನೇಯ್ಗೆಯವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾಳೆ ಎಂದರು ಇನ್ನು ಕೆಲವರು. ಭಾವಚಿತ್ರವನ್ನು ತೆಗೆದು, ರೇಷ್ಮೆಯುಟ್ಟು ಕೈಯಲ್ಲಿ ಗುಲಾಬಿ ಹಿಡಿದ ಮತ್ತೊಂದು ಚಿತ್ರವನ್ನು ಇಡಬೇಕಾಯಿತು. ರೇಷ್ಮೆ ಉಟ್ಟರೆ ದುಂದುಗಾರ್ತಿ, ಹತ್ತಿ ಉಟ್ಟರೆ ಮರ್ಯಾದೆಗೆಟ್ಟವಳು, ದೇಶದ್ರೋಹಿ. ಒಂದು ಬಟ್ಟೆಯ ತುಂಡಿನ ಮೇಲೆ ರಾಜ್ಯದ ಆರ್ಥಿಕ ನೀತಿ, ಹೆಣ್ಣಿನ ಮಾನ, ಪರಕೀಯಳ ಮೇಲಣ ಸಂಶಯ ಮೂರೂ ಬಂದು ಕುಳಿತುವು.

ಈ ಕೋಪಕ್ಕೆ ಹಿಂದೆ ನೂರು ವರ್ಷಗಳ ಇತಿಹಾಸವಿತ್ತು. ನಮ್ಮ ಹಿರಿಯರು 'ಚೀಟಿಬಟ್ಟೆ' ಎನ್ನುತ್ತಿದ್ದ ಹೂಬಳ್ಳಿಯ ಹತ್ತಿಬಟ್ಟೆ ಚೋಳಮಂಡಲ ತೀರದಿಂದಲೂ ಗುಜರಾತಿನಿಂದಲೂ ಹಡಗೇರಿ ಯೂರೋಪನ್ನು ಮರುಳುಮಾಡಿತ್ತು. ಇಂಗ್ಲಿಷಿನ 'ಚಿಂಟ್ಸ್' ಎಂಬ ಮಾತು ಹುಟ್ಟಿದ್ದು ಇದೇ ಶಬ್ದದಿಂದ. ತೊಳೆದರೂ ಬಣ್ಣ ಬಿಡದ ಬಟ್ಟೆ ಅಲ್ಲಿಯವರಿಗೆ ಹೊಸದು. ಫ್ರಾನ್ಸ್ 1686ರಿಂದ 1759ರವರೆಗೆ ಇಂಥ ಬಟ್ಟೆಯನ್ನು ನಿಷೇಧಿಸಿತು. ಇಂಗ್ಲೆಂಡಿನ ಪಾರ್ಲಿಮೆಂಟು ಬಣ್ಣದ ಹತ್ತಿಬಟ್ಟೆಯ ಆಮದನ್ನು ತಡೆಯಲು 1700ರಲ್ಲಿ ಒಂದು ಕಾನೂನನ್ನೂ, ಅದನ್ನು ಉಡುವುದನ್ನೇ ತಡೆಯಲು 1721ರಲ್ಲಿ ಇನ್ನೊಂದು ಕಾನೂನನ್ನೂ ಮಾಡಿತು. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಯಲ್ಲಿ ಅಂಥ ಬಟ್ಟೆ ಉಟ್ಟ ಹೆಂಗಸರನ್ನು ಅಡ್ಡಗಟ್ಟಿ, ಅವರ ಮೈಮೇಲಿನ ಬಟ್ಟೆಯನ್ನೇ ಹರಿದರು. 'ರಾಬಿನ್ಸನ್ ಕ್ರೂಸೊ' ಬರೆದ ಡೇನಿಯಲ್ ಡೆಫೊ, ಅದೇ ಕೃತಿ ಪ್ರಕಟವಾದ ಅದೇ ವರ್ಷ, ಈ ವಿವಾದದಲ್ಲಿ ಸ್ವದೇಶಿ ಬಟ್ಟೆಯ ಪರವಾಗಿ ಲೇಖನಿ ಹಿಡಿದ. ಸ್ವದೇಶಿ ಎಂಬ ಮಾತು ಕೇಳಿದೊಡನೆ ನಮಗೆ ನೆನಪಾಗುವ ಚರಿತ್ರೆಯನ್ನು ತಿರುವುಮುರುವು ಮಾಡಿ ನೋಡಿದಂತಿದೆ ಈ ಕಥೆ.

ಮಸ್ಲಿನ್ನಿನ ಮಾತೂ ಹಾಗೆಯೇ. ಅದರಲ್ಲಿ ಅತ್ಯಂತ ನವುರಾದದ್ದು ಬಂಗಾಳದ ಢಾಕಾ ಸೀಮೆಯದು. ಗಾಳಿಯಲ್ಲಿ ತೇವವಿರುವ ಹೊತ್ತು ನೋಡಿಕೊಂಡು ಹೆಂಗಸರು ಕದಿರಿನಲ್ಲಿ ತೆಗೆಯುತ್ತಿದ್ದ ನೂಲಿನಿಂದ ಅದನ್ನು ನೇಯುತ್ತಿದ್ದರು. ರಾಣಿ ಉಟ್ಟ ಮಾದರಿಯ ಉಡುಪಿಗೆ 'ಕ್ರಿಯೋಲ್' ಎಂಬ ಹೆಸರೂ ಇತ್ತು. ಫ್ರಾನ್ಸಿನ ವಶದಲ್ಲಿದ್ದ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ, ಗುಲಾಮರ ದುಡಿಮೆಯಿಂದ ಬಾಳುತ್ತಿದ್ದ ತೋಟದೊಡೆಯರ ಮನೆಯ ಹೆಂಗಸರು ಸೆಕೆಗೆಂದು ಧರಿಸುತ್ತಿದ್ದ ಉಡುಪನ್ನು ಅದು ಸೂಚಿಸುತ್ತದೆ. ಹಳ್ಳಿಯ ಸರಳತೆ ಎಂದು ತೆರೆಯ ಮೇಲೆ ಕಾಣುವ ಆ ಬಿಳಿಯ ಬಟ್ಟೆಯ ಒಂದು ಸೆರಗು ಬಂಗಾಳದಲ್ಲಿಯೂ ಇನ್ನೊಂದು ಸೆರಗು ಕಬ್ಬಿನ ತೋಟಗಳಲ್ಲಿಯೂ ಇತ್ತು.

ಈ ಕಥೆಗೆ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಅಧ್ಯಾಯವೂ ಉಂಟು. 1788ರಲ್ಲಿ ಟಿಪ್ಪೂ ಸುಲ್ತಾನನ ಮೂವರು ರಾಯಭಾರಿಗಳು, ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್, ಫ್ರಾನ್ಸನ್ನು ತಲಪಿದರು. ಇಂಗ್ಲಿಷರ ವಿರುದ್ಧ ಮೈಸೂರಿಗೆ ನೆರವು ಬೇಡುವುದು ಅವರ ಕಾರ್ಯ. ಆಗಸ್ಟ್ 10ರಂದು ಹದಿನಾರನೆಯ ಲೂಯಿ ವರ್ಸೇಲ್ಸ್ ಅರಮನೆಯಲ್ಲಿ ಅವರಿಗೆ ದರ್ಶನ ಕೊಟ್ಟ. ಸೈನ್ಯದ ನೆರವು ಸಿಕ್ಕಲಿಲ್ಲ. ಆದರೆ ಅವರ ಉಡುಗೆಯನ್ನು ನೋಡಲು ಪ್ಯಾರಿಸ್ ನಗರ ಮುಗಿಬಿದ್ದಿತು. ಒಂದು ಸಂಜೆ ಸಂಗೀತನಾಟಕದಲ್ಲಿ ಅವರನ್ನು ಕಂಡ ಚಿತ್ರಗಾರ್ತಿ, ರಾಣಿಯ ಚಿತ್ರ ಬರೆದ ಅದೇ ವಿಜೇ ಲ ಬ್ರನ್, ಅವರ ಚಿತ್ರ ಬರೆಯಲು ಬಯಸಿದಳು. ದೊರೆಯ ಅಪ್ಪಣೆಯಿಲ್ಲದೆ ಅವರು ಒಪ್ಪಲಿಲ್ಲ. ಅಪ್ಪಣೆ ದೊರೆತ ಮೇಲೆ ದರ್ವೇಶ್ ಖಾನ್ ಕತ್ತಿಯ ಮೇಲೆ ಕೈಯಿಟ್ಟು ನಿಂತ. ಅವನು ಧರಿಸಿದ್ದುದು ಬಂಗಾರದ ಹೂಗಳುಳ್ಳ ಬಿಳಿಯ ಮಸ್ಲಿನ್ ನಿಲುವಂಗಿ. 1789ರ ಪ್ರದರ್ಶನದಲ್ಲಿ ಆ ಚಿತ್ರವನ್ನು ಜನ ನೋಡಿದರು. ಒಬ್ಬಳೇ ಚಿತ್ರಗಾರ್ತಿ, ಒಂದೇ ಜಾತಿಯ ಬಟ್ಟೆ, ನಡುವೆ ಐದಾರು ವರ್ಷಗಳ ಅಂತರ. ರಾಣಿಯ ಮೈಮೇಲೆ ಅವಮಾನವಾಗಿದ್ದುದು ಮೈಸೂರಿನ ರಾಯಭಾರಿಯ ಮೈಮೇಲೆ ಗಾಂಭೀರ್ಯವಾಗಿತ್ತು. ಬ್ರಿಟಿಷರ ಕಂಪನಿಯಿಂದ ತನ್ನ ರಾಜ್ಯವನ್ನು ಉಳಿಸಿಕೊಳ್ಳಲು ಬಂದವನು ಉಟ್ಟ ಆ ಬಟ್ಟೆಯನ್ನು ನೇಯುವ ಕಸಬು, ಅದೇ ಕಂಪನಿಯ ದಬ್ಬಾಳಿಕೆಯಿಂದಲೂ ಅನಂತರ ಇಂಗ್ಲೆಂಡಿನ ಯಂತ್ರದ ನೂಲಿನಿಂದಲೂ ಬಂಗಾಳದಲ್ಲಿ ಕುಸಿದುಹೋಯಿತು. ಇಷ್ಟು ನಾಟಕ ತುಂಬಿದ ಈ ಪ್ರಸಂಗವನ್ನು ರಾಣಿಯ ಬಗೆಗಿನ ಯಾವ ಚಿತ್ರದಲ್ಲಿಯೂ ನಾನು ಕಂಡಿಲ್ಲ.

ಉಡುಗೆ ರಾಜಕೀಯದಿಂದ ಬೇರೆಯಲ್ಲವೆಂಬುದನ್ನು ಆ 1789ನೆಯ ವರ್ಷವೇ ತೋರಿಸಿಕೊಟ್ಟಿತು. ಮೇ ತಿಂಗಳಲ್ಲಿ ವರ್ಸೇಲ್ಸಿನಲ್ಲಿ ಸೇರಿದ ಮಹಾಸಭೆಗೆ ಬಂದ ಪ್ರತಿನಿಧಿಗಳಲ್ಲಿ ಕುಲೀನರಿಗೆ ಜರಿಯ ಅಂಗಿ, ಗರಿಯ ಟೋಪಿ. ಜನಸಾಮಾನ್ಯರ ಪ್ರತಿನಿಧಿಗಳಿಗೆ ಬರಿಯ ಕಪ್ಪು ಬಟ್ಟೆ ಎಂದು ಆಸ್ಥಾನ ವಿಧಿಸಿತು. ಕೀಳುಗೈಯಲು ಕೊಟ್ಟ ಕಪ್ಪು ಕೆಲವೇ ದಿನಗಳಲ್ಲಿ ಹೆಮ್ಮೆಯ ಬಣ್ಣವಾಯಿತು. ಮೊಣಕಾಲಿನ ಚಲ್ಲಣವನ್ನು ಬಿಟ್ಟು ಉದ್ದನೆಯ ಷರಾಯಿ ತೊಡುವವರೆಂಬ ಅರ್ಥದ 'ಸಾನ್ ಕ್ಯುಲೋತ್' ಎಂಬ ಹೆಸರು ಬಡಜನರ ಬಿರುದಾಯಿತು. 1793ರ ಅಕ್ಟೋಬರ್ 29ರಂದು ಕ್ರಾಂತಿಯ ಶಾಸನಸಭೆ, ಯಾವ ಪ್ರಜೆಯನ್ನೂ ಇಂಥದೇ ಉಡುಗೆ ಉಡಬೇಕೆಂದು ಯಾರೂ ಬಲವಂತಪಡಿಸಕೂಡದು ಎಂದು ಘೋಷಿಸಿತು. ಉಡುವ ಸ್ವಾತಂತ್ರ್ಯವನ್ನೂ ಕಾನೂನಿನಲ್ಲಿ ಬರೆದಿಡಬೇಕಾಗುತ್ತದೆಂಬುದು ಗಮನಿಸತಕ್ಕ ಸಂಗತಿ. ಗಂಡಸರ ಮೈಮೇಲಿನ ಬಣ್ಣಗಳು ಇಳಿದು ಕಪ್ಪೂ ಬೂದಿಯೂ ನೆಲೆನಿಂತದ್ದು ಅಲ್ಲಿಂದೀಚೆಗೆ.

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 1740ರ ದಶಕದ ಆರಂಭದ ಒಂದು ಆಸ್ಥಾನದ ಉಡುಪಿದೆ. ಕೆಂಪು ರೇಷ್ಮೆಯ ಮೇಲೆ ಜೀವವೃಕ್ಷದ ಚಿತ್ತಾರ. ಅದಕ್ಕೆ ಬಳಸಿದ ಬೆಳ್ಳಿಯ ಎಳೆಯ ತೂಕವೇ ಸುಮಾರು 10 ಪೌಂಡು. ಉಡುಪಿನ ಹಿಂಭಾಗದ ಇಳಿಸೆರಗಿನ ಮೇಲೆ ಒಂದು ಬರಹವಿದೆ. ಮದಾಮ್ ಲೆಕಾಂತ್ ಎಂಬುವಳಿಂದ ಬರಬೇಕಾದುದು ತನಗೆ ಸಂದಿತೆಂದು ಮ್ಯಾಗ್ಡಲೀನ್ ಗೈಲ್ಸ್ ಎಂಬುವಳು ಬರೆದ ರಸೀತಿಯಂಥ ಒಂದೇ ಒಂದು ಸಾಲು. ಇದನ್ನು ಉಟ್ಟು ಮೆರೆದವಳು ಯಾರೆಂಬುದಕ್ಕೆ ಬಟ್ಟೆಯ ಮೇಲೆ ಗುರುತಿಲ್ಲ. ಸೂಜಿ ಹಿಡಿದವರ ಹೆಸರು ಉಳಿದಿದೆ. ನಮ್ಮ ಓಲೆಗರಿಗಳ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರನ್ನೂ ತನ್ನ ಬೆನ್ನು, ಕಣ್ಣುಗಳ ನೋವನ್ನೂ ಒಂದು ಪದ್ಯದಲ್ಲಿ ಹೇಳಿಕೊಳ್ಳುವುದುಂಟು. ಆ ಪದ್ಯವನ್ನು ಓದದೆ ಯಾವ ಒಳ್ಳೆಯ ಸಂಪಾದಕನೂ ಪ್ರತಿಯನ್ನು ಕೆಳಗಿಡುವುದಿಲ್ಲ.

ಐತಿಹಾಸಿಕ ಚಿತ್ರವನ್ನು ನೋಡುವಾಗ ಗುಂಡಿ ಸರಿಯಿದೆಯೆ, ನೆರಿಗೆ ಸರಿಯಿದೆಯೆ ಎಂದು ಲೆಕ್ಕಹಾಕುವುದು ಬಲ್ಲವರಿಗೆ ಸಹಜವಾದ ಸಂತೋಷ. ಅದನ್ನು ಬಿಡಬೇಕಾಗಿಲ್ಲ. ಅದರೊಡನೆ ಇನ್ನೆರಡು ಪ್ರಶ್ನೆಗಳನ್ನೂ ಕೇಳುವ ಅಭ್ಯಾಸ ನಮಗೆ ಬರಲಿ: ಈ ಬಟ್ಟೆಯನ್ನು ಇವಳಿಗೆ ತೊಡಿಸಿದವರು ಯಾರು, ಇದನ್ನು ನೂತವರು ಯಾರು? ತೆರೆಯ ಮೇಲೆ ಕಾಣುವ ಅರಮನೆಯ ಆಚೆಗೆ, ಹಡಗುಕಟ್ಟೆಯವರೆಗೆ, ಬಂಗಾಳದ ಕದಿರಿನವರೆಗೆ ನಮ್ಮ ದೃಷ್ಟಿಯನ್ನು ಕೊಂಡೊಯ್ಯಬಲ್ಲ ಚಿತ್ರ ಇನ್ನೂ ಬರಬೇಕಾಗಿದೆ. ಬರುವವರೆಗೆ ಆ ಕೆಲಸವನ್ನು ಪ್ರೇಕ್ಷಕನೇ ಮಾಡಿಕೊಳ್ಳಬೇಕೆಂದು ಸೂಚಿಸಿ ನನ್ನ ಮಾತನ್ನು ಮುಗಿಸುತ್ತೇನೆ.